ನಷ್ಟ ಮಾಡಿಕೊಳ್ಳುವ ಹಕ್ಕು ಯಾರಿಗಿದೆ?

ಅಣ್ಣನ ದಿನಸಿ ಅಂಗಡಿ ಮುಚ್ಚಿದ ಸುದ್ದಿ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಕಾಲ ಬದಲಾಯ್ತು, ಏನ್ ಮಾಡೋಕಾಗುತ್ತೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಾಲ ತಾನಾಗಿ ಬಂದು ಯಾರ ಅಂಗಡಿಯ ಶಟರನ್ನೂ ಎಳೆಯುವುದಿಲ್ಲ. ಕಾನೂನು ಬರೆದವರಿದ್ದಾರೆ, ಬರೆದದ್ದನ್ನು ಜಾರಿ ಮಾಡದೆ ಕೂತವರಿದ್ದಾರೆ. ಅವರನ್ನು ಬಿಟ್ಟು ಕಾಲವನ್ನು ದೂರುವುದು ಹೇಡಿತನ.

ಅಂಗಡಿ ಎಂದರೆ ಪ್ರೀತಿಯ ಗೂಡು ಎಂದು ಹಳಹಳಿಸಲು ನನ್ನಿಂದಾಗದು. ನಮ್ಮೂರಿನ ಅಂಗಡಿಯ ಕಟ್ಟೆಯನ್ನು ಅಪ್ಪ ಹತ್ತುವಂತಿರಲಿಲ್ಲ. ಬೀದಿಯಲ್ಲೇ ನಿಂತು ಕೂಗಬೇಕು, ದುಡ್ಡನ್ನು ಅಂಚಿಗಿಟ್ಟು ಹಿಂದೆ ಸರಿಯಬೇಕು. ಉಪ್ಪಿನ ಪೊಟ್ಟಣ ಮೇಲಿನಿಂದ ಬಂದು ಬೀಳುತ್ತಿತ್ತು. ಒಡೆದರೆ ಅವ್ವ ಮಣ್ಣಿನ ಸಮೇತ ಸೆರಗಿಗೆ ಬಳಿದುಕೊಳ್ಳುತ್ತಿದ್ದಳು. ಅಂಥವರ ಮಗ ಬೆಂಗಳೂರಿಗೆ ಬಂದು, ಯಶವಂತಪುರದ ಯಾರ್ಡಿನಲ್ಲಿ ವರ್ಷಗಟ್ಟಲೆ ಮೂಟೆ ಹೊತ್ತು, ಚೀಟಿ ಎತ್ತಿ, ಅತ್ತಿಗೆಯ ಒಡವೆ ಅಡವಿಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಕೂತ. ಮಳಿಗೆ ಕೇಳಲು ಹೋದಲ್ಲೆಲ್ಲ ಅಡ್ವಾನ್ಸಿನ ಮಾತಿಗೆ ಮೊದಲೇ ‘ನೀವು ಯಾವ ಜನ?’ ಅಂದರು. ಕೊನೆಗೆ ಒಂದು ಮಳಿಗೆ ಸಿಕ್ಕಾಗ ಬೋರ್ಡಿನ ಮೇಲೆ ತನ್ನ ಹೆಸರು ಬರೆಸುವ ಧೈರ್ಯವಾಗದೆ ದೇವರ ಹೆಸರು ಬರೆಸಿದ. ಆದರೂ ಆ ಬೀದಿಯ ಎಲ್ಲ ಜಾತಿಯವರೂ ಅವನ ಕೈಯಿಂದಲೇ ಹಾಲು, ಬೇಳೆ, ಬೆಲ್ಲ ಕೊಂಡರು. ಚಿಲ್ಲರೆ ಕೊಡುವಾಗ ಕೈಗೆ ಕೈ ತಾಗುತ್ತಿತ್ತು. ಅದು ನಮ್ಮ ಮನೆಗೆ ಎಷ್ಟು ದೊಡ್ಡದು ಎಂಬುದು ಕಟ್ಟೆಯ ಮೇಲೇ ಹುಟ್ಟಿದವರಿಗೆ ತಿಳಿಯುವುದು ಕಷ್ಟ.

2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದ ಮೇಲೆ ಉದ್ರಿ ಕೊಟ್ಟು ಬೀದಿಯನ್ನು ಸಾಕಿದ್ದು ಇಂಥ ಅಂಗಡಿಗಳು. 2020ರ ಮಾರ್ಚಿನಲ್ಲಿ ದೇಶಕ್ಕೇ ಬೀಗ ಬಿದ್ದಾಗ ಕೂಲಿ ನಿಂತ ಮನೆಗಳಿಗೆ ಅಕ್ಕಿ ಹೋದದ್ದೂ ಇಲ್ಲಿಂದಲೇ, ಪುಸ್ತಕದಲ್ಲಿ ಬರೆದುಕೊಂಡು. ಆ ಬಾಕಿ ಬಹುಪಾಲು ವಸೂಲಾಗಲಿಲ್ಲ. ಮನೆ ಖಾಲಿ ಮಾಡಿ ಊರಿಗೆ ಹೋದ ಕೂಲಿಯವರನ್ನು ಅಣ್ಣ ಬೈಯಲಿಲ್ಲ, ನಾನೂ ಬೈಯಲಾರೆ. ಸಂಬಳ ನಿಲ್ಲದಿದ್ದರೂ ಉದ್ರಿ ಬರೆಸಿ, ಕಷ್ಟ ಕಳೆದ ಕೂಡಲೇ ಮೊಬೈಲಿನ ಹತ್ತು ನಿಮಿಷದ ಡೆಲಿವರಿಗೆ ತಿರುಗಿಕೊಂಡವರ ಮೇಲೆ ಮಾತ್ರ ಸಿಟ್ಟಿದೆ.

ಅಣ್ಣನಿಗೆ ಏಜೆನ್ಸಿಯವರು ಹಾಕುವ ದರಕ್ಕಿಂತ ಕಡಿಮೆಗೆ ಎಷ್ಟೋ ಸಲ ಅದೇ ಸೋಪು ಆ ಮೊಬೈಲಿನಲ್ಲಿ ಸಿಗುತ್ತಿತ್ತು. ಹೇಗೆ? ಹೂಡಿಕೆದಾರರ ದುಡ್ಡು ಸುರಿದು. ಕಂಪನಿ ವರ್ಷಗಟ್ಟಲೆ ನಷ್ಟದಲ್ಲಿ ನಡೆದರೆ ಅದನ್ನು ಬೆಳವಣಿಗೆ ಎನ್ನುತ್ತಾರೆ, ಅದರ ಷೇರಿಗೆ ಬೆಲೆ ಕಟ್ಟುತ್ತಾರೆ. ಅಣ್ಣ ಆರು ತಿಂಗಳು ನಷ್ಟ ಮಾಡಿಕೊಂಡರೆ ವ್ಯಾಪಾರ ಗೊತ್ತಿಲ್ಲದ ದಡ್ಡ. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ಸರಕಿನ ಮೇಲೆ ಹಿಡಿತ ಸಾಧಿಸಬಾರದು, ಬೆಲೆಯನ್ನು ನೇರವಾಗಿಯಾಗಲಿ ಬಳಸಿಯಾಗಲಿ ಪ್ರಭಾವಿಸಬಾರದು ಎಂದು 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಬರೆದಿದೆ. ಬರೆದಿದೆ, ಅಷ್ಟೆ. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ಖರ್ಚಿಗಿಂತ ಕಡಿಮೆಗೆ ಮಾರಿ ಎದುರಾಳಿಯನ್ನು ಮುಗಿಸುವುದು ತಪ್ಪು. ಆದರೆ ಹಾಗೆ ಮಾರುವವನು ಮಾರುಕಟ್ಟೆಯಲ್ಲಿ ಪ್ರಾಬಲ್ಯ ಪಡೆದಿರಬೇಕು. ಮೂರು ನಾಲ್ಕು ದೊಡ್ಡವರು ಒಟ್ಟಿಗೆ ನುಗ್ಗಿ ತುಳಿದರೆ ಒಬ್ಬೊಬ್ಬರೂ ‘ಪ್ರಬಲ ನಾನಲ್ಲ’ ಎಂದು ಕೈ ತೊಳೆದುಕೊಳ್ಳಬಹುದು. ಎರಡು ದೈತ್ಯ ಆನ್‌ಲೈನ್ ಕಂಪನಿಗಳ ಮೇಲೆ 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿದರೆ, ತನಿಖೆ ಮಾಡಬಹುದೋ ಬೇಡವೋ ಎಂಬ ವ್ಯಾಜ್ಯದಲ್ಲೇ 2021ರ ಜೂನ್ ಬಂತು. ಅಷ್ಟು ದಿನ ಬಾಡಿಗೆ ಕಟ್ಟಿಕೊಂಡು ಕಾಯುವ ಶಕ್ತಿ ಯಾವ ಬೀದಿ ಅಂಗಡಿಗಿದೆ?

ದೊಡ್ಡವರ ವಿಷಯಕ್ಕೆ ಇಷ್ಟು ನಿಧಾನ. ಸಣ್ಣವರ ವಿಷಯಕ್ಕೆ? 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿಯೇ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಹೋದವು, ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ. ಸರಕು ಮಾರುವವರ ಜಿಎಸ್‌ಟಿ ನೋಂದಣಿಗೆ ಮಿತಿಯಾದ 40 ಲಕ್ಷ ರೂಪಾಯಿ ವಹಿವಾಟೆಂದರೆ ಕೇಳಲು ದೊಡ್ಡದು. ನೂರಕ್ಕೆ ಹತ್ತು ಉಳಿಯಿತೆಂದೇ ಇಟ್ಟುಕೊಳ್ಳಿ, ಕೈಗೆ 4 ಲಕ್ಷ. ಬಾಡಿಗೆ, ಕರೆಂಟು, ಎಕ್ಸ್‌ಪೈರಿ ಆದ ಮಾಲು ಕಳೆದು ಅದರಲ್ಲೇ ಒಂದು ಸಂಸಾರ. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟ ಮೇಲಷ್ಟೇ ಮುಖ್ಯಮಂತ್ರಿಗಳು ಹಳೆ ಬಾಕಿ ಕೈಬಿಡುವ ಮಾತಾಡಿದರು.

ಅಂಗಡಿ ಮುಚ್ಚಿದ ಮೇಲಿನ ಕಥೆ ಇನ್ನೂ ಕೆಟ್ಟದು. ಸಾಲದಲ್ಲಿ ಮುಳುಗಿದ ಕಂಪನಿಗೆ 2016ರ ದಿವಾಳಿ ಸಂಹಿತೆ ಇದೆ. ಬ್ಯಾಂಕುಗಳು ಬಾಕಿಯ ದೊಡ್ಡ ಪಾಲನ್ನು ಬಿಟ್ಟುಕೊಟ್ಟು ಮುಂದೆ ಸಾಗುತ್ತವೆ. ಅದೇ ಸಂಹಿತೆಯಲ್ಲಿ ಸಾಮಾನ್ಯ ಮನುಷ್ಯನ ದಿವಾಳಿಗೂ ಒಂದು ಭಾಗವಿದೆ. ಕಂಪನಿಯ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟು ಬೇರೆ ಯಾರಿಗೂ ಅದನ್ನು ಜಾರಿಗೆ ತಂದಿಲ್ಲ. ಅಣ್ಣನಂಥವರಿಗೆ ಉಳಿದಿರುವುದು ಬ್ರಿಟಿಷರು 1920ರಲ್ಲಿ ಮಾಡಿದ ಹಳೆಯ ಕಾಯ್ದೆ, ಇಲ್ಲವೇ ಕೈಸಾಲ ಕೊಟ್ಟವರ ಕಾಲು. ಸಣ್ಣ ವ್ಯಾಪಾರಿಗಳಿಗೆಂದು 2019ರಲ್ಲಿ ಪಿಂಚಣಿ ಯೋಜನೆ ತಂದರು: ಅರವತ್ತು ದಾಟಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಸೇರಲು ವಯಸ್ಸು 18ರಿಂದ 40ರ ಒಳಗಿರಬೇಕು. ಮೂವತ್ತು ವರ್ಷ ತಕ್ಕಡಿ ಹಿಡಿದು ಬೆನ್ನು ಬಾಗಿದವನಿಗೆ ಅಲ್ಲಿ ಜಾಗವಿಲ್ಲ.

ಅತ್ತಿಗೆ ಬೆಳಿಗ್ಗೆ ಐದಕ್ಕೆ ಹಾಲಿನ ಕ್ರೇಟು ಇಳಿಸಿಕೊಂಡವಳು, ರಾತ್ರಿ ಕೂತು ಕಾಲು ಕೆಜಿ ಸಕ್ಕರೆ ಕಟ್ಟಿದವಳು. ಒಂದು ದಿನದ ಕೂಲಿಯೂ ಅವಳ ಹೆಸರಿಗೆ ಬರಲಿಲ್ಲ, ಒಡವೆಯೂ ಹಿಂದಿರುಗಲಿಲ್ಲ. ಅದಕ್ಕೆ ನಮ್ಮ ಮನೆಯ ಗಂಡಸರೂ ಉತ್ತರ ಕೊಡಬೇಕು.

ದಿವಾಳಿ ಸಂಹಿತೆಯ ಆ ಭಾಗವನ್ನು ಬೀದಿ ವ್ಯಾಪಾರಿಗೂ ಜಾರಿ ಮಾಡಿ. 2018ರ ನಿಯಮ ಮುರಿದವರ ಲೆಕ್ಕಪುಸ್ತಕ ತೆರೆಸಿ. ಅಂಗಡಿಯಲ್ಲಿ ದುಡಿದ ಹೆಂಗಸರನ್ನು ದುಡಿದವರೆಂದೇ ಲೆಕ್ಕ ಹಿಡಿಯಿರಿ. ಇದು ಸರ್ಕಾರಗಳಿಗೆ. ಓದುಗರಿಗೊಂದು ಮಾತು: ನಿಮ್ಮ ಬೀದಿಯ ಅಂಗಡಿಯ ಪುಸ್ತಕದಲ್ಲಿ ನಿಮ್ಮ ಹೆಸರಿನಲ್ಲಿ ಬಾಕಿಯಿದ್ದರೆ, ಇವತ್ತು ಸಂಜೆಯೇ ಹೋಗಿ ತೀರಿಸಿ ಬನ್ನಿ.