ಷೋಕೇಸಲ್ಲಿ ಕೂತ ಸ್ಪೀಕರು ಸುಳ್ಳು ಹೇಳ್ತೈತೆ

ಅಕ್ಕಂದಿರೇ, ಅತ್ತಿಗೇರೇ, ಪಕ್ಕದ್ಮನೆಯೋರೇ, ಈ ಸಲ ಅಡಿಗೆ ವಿಷ್ಯ ಅಲ್ಲ. ಜಗಳದ ವಿಷ್ಯ. ನಿಮ್ಮ ಜೊತೆಗೂ ಜಗಳ ಐತೆ, ನನ್ನ ಜೊತೆಗೂ ಐತೆ.

ಹೋದ ವರ್ಷ ದೊಡ್ಡಮ್ಮನ ವರ್ಷದ ತಿಥಿಗೆ ಎಲ್ರಿಗೂ ಒಂದೊಂದು ಪೆನ್‌ಡ್ರೈವ್ ಕೊಟ್ವಲ್ಲ, ನೆನಪೈತಾ? ಗುಬ್ಬಿ ಮನೆ ಜಗಲಿ ಮೇಲೆ ಕೂತು ಆಯಮ್ಮ ಹೇಳಿದ ಸೋಬಾನೆ ಪದ, ಬೀಸೋ ಪದ, ಒಟ್ಟು ಹನ್ನೊಂದು. ಆಯಮ್ಮ ಹೋಗೋಕೆ ಮುಂಚೆ ನನ್ನ ಮಗ ಮೊಬೈಲಲ್ಲಿ ಹಿಡಿದಿಟ್ಟಿದ್ದ. ಕೇಳಿದೋರೆಲ್ಲ ಎದುರಿಗೆ ಚೆನ್ನಾಗೈತೆ ಅಂದ್ರಿ. ಹಿಂದ್ಗಡೆ, ತಗಡಿನ ಡಬ್ಬ ಬಡ್ದಂಗೈತೆ ಅಂದ್ರಿ. ಕುಣಿಗಲ್ ತಂಗಿ ಮಾತ್ರ ಮುಖದ ಮೇಲೇ ಅಂದ್ಲು. ಅವಳ ಜೊತೆ ಎರಡು ತಿಂಗ್ಳು ಮಾತು ಬಿಟ್ಟಿದ್ದೆ. ಅವಳು ಹೇಳಿದ್ದೇ ನಿಜ. ದೊಡ್ಡಮ್ಮನ ಗಂಟ್ಲು ಬಿಸಿ ಮುದ್ದೆ ಥರ ತುಂಬಿದ ಗಂಟ್ಲು. ಪೆನ್‌ಡ್ರೈವಲ್ಲಿದ್ದದ್ದು ಒಣಗಿದ ಹಪ್ಪಳ.

ತಪ್ಪು ಮಗಂದಲ್ಲ, ನಂದು. ಅವನು ಸೆಕೆಂಡ್ ಹ್ಯಾಂಡಲ್ಲಿ ಒಂದು ಜೊತೆ ಮಾನಿಟರ್ ಸ್ಪೀಕರ್ ತಂದಿದ್ದ. ಸ್ಟುಡಿಯೋದಲ್ಲಿ ಇರ್ತಾವಲ್ಲ, ಆ ಥರದ್ದು. ಹಾಡಿಗೆ ಬೆಲ್ಲ ಬೆರೆಸಿ ಕೊಡೋದಲ್ಲ ಅದರ ಕೆಲ್ಸ, ಇದ್ದದ್ದನ್ನ ಇದ್ದಂಗೆ ಹೇಳೋದು. ಹಾಲ್‌ನಲ್ಲಿ ಗೋಡೆ ಬಿಟ್ಟು ಈಚೆಗೆ ಇಡ್ತೀನಿ ಅಂದ. ಬಂದೋರು ಏನಂದ್ಕೊಳ್ತಾರೆ, ಮನೆ ಒಳ್ಳೆ ಪೆಂಡಾಲ್ ಆಗೋಯ್ತು ಅಂತ ನಾನೇ ಷೋಕೇಸಿಗೆ ತುರುಕ್ಸಿದೆ. ಒಂದು ಮೇಲಿನ ಖಾನೇಲಿ, ಗೋಡೆ ಮೂಲೆಗೆ. ಇನ್ನೊಂದು ಕೆಳಗೆ, ದಸರಾ ಗೊಂಬೆಗಳ ಮಧ್ಯೆ.

ಸ್ಪೀಕರ್ ಗೋಡೆಗೆ ಆತ್ಕೊಂಡ್ರೆ ದಪ್ಪ ಸದ್ದು ಹೆಚ್ಚಾಗ್ತೈತೆ. ಮೂಲೇಲಿಟ್ರೆ ಇನ್ನೂ ಹೆಚ್ಚು. ಬಿಂದಿಗೆ ಬಾಯಿಗೆ ಬಾಯಿಟ್ಟು ಮಾತಾಡಿ ನೋಡಿ, ನಿಮ್ಮ ದನಿ ನಿಮ್ಮದಾಗಿರಲ್ಲ. ಹಂಗೇ ದೊಡ್ಡಮ್ಮನ ದನಿ ಗುಂಯ್ ಅಂತು. ಗುಂಯ್ ಅಂದದ್ದು ಷೋಕೇಸು. ಹುಡ್ಗ ದನಿಯೇ ಹಂಗೈತೆ ಅಂದ್ಕೊಂಡು ಕಂಪ್ಯೂಟರಲ್ಲಿ ಅದರ ದಪ್ಪನೆಲ್ಲ ಕತ್ತರಿಸಿ ಹಾಕ್ದ. ನಮ್ಮನೇಲಿ ಸರಿಯಾಗೇ ಕೇಳ್ತು. ನಿಮ್ಮನೇಲಿ ತಗಡಾಯ್ತು. ತಕ್ಕಡಿ ತಟ್ಟೆಗೆ ಹುಣಸೆಹಣ್ಣು ಮೆತ್ಕೊಂಡಿದ್ರೆ ಬೇಳೆ ತೂಕ ಸರಿ ಬರ್ತೈತಾ?

ಒಂದು ತಮಾಷೆ ಹೇಳ್ತೀನಿ. ಯಮಹಾ ಕಂಪನಿಯೋರು 1978ರಲ್ಲಿ ಎನ್‌ಎಸ್-10 ಅಂತ ಒಂದು ಸ್ಪೀಕರ್ ಮಾಡಿದ್ರು, ಮನೆಗಳಿಗೆ ಅಂತಲೇ. ಮನೆಯೋರಿಗೆ ಹಿಡಿಸ್ಲಿಲ್ಲ. ಸ್ಟುಡಿಯೋದೋರು ಎತ್ಕೊಂಡೋದ್ರು, ಯಾಕಂದ್ರೆ ರೆಕಾರ್ಡಿಂಗಿನ ಹುಳುಕೆಲ್ಲ ಅದು ಬಯಲು ಮಾಡ್ತಿತ್ತು. ಮನೇಲಿ ನಮಗೆ ನಿಜ ಹೇಳೋ ಡಬ್ಬ ಬ್ಯಾಡ, ನೋಡಿ.

ನಮ್ಮನೆಯೋರದು ಬೇರೆ ರಾಗ: ದೊಡ್ಡ ವೂಫರ್ ತರೋಣ, ಎಲ್ಲ ಸರಿಹೋಗ್ತೈತೆ, ನಿಂಗೆ ಇದೆಲ್ಲ ಗೊತ್ತಾಗಲ್ಲ ಸುಮ್ನಿರು. ಯಾಕ್ರೀ ಗೊತ್ತಾಗಲ್ಲ? ಕುಕ್ಕರ್ ಸದ್ದಲ್ಲೇ ನೀರು ಕಮ್ಮಿ ಐತೆ ಅಂತ ಹೇಳೋ ಕಿವಿ ಇದು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ಊರಿನ ಹೆಣ್ಮಗಳು ನಾನು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಮುಟ್ಟಿಸ್ಬೇಕಿತ್ತು ನಾಟಕದೋರು. ಈಗ ಎದೆ ನಡುಗಿದ್ರೆ ಸೌಂಡ್ ಸೂಪರ್ ಅಂತಾರೆ, ಮಾತು ತಿಳೀದಿದ್ರೂ ಪರವಾಗಿಲ್ಲ.

ಹಳೇ ಮೊಬೈಲಲ್ಲಿ ಮೂಲ ರೆಕಾರ್ಡಿಂಗ್ ಉಳ್ದಿತ್ತು, ದೇವ್ರು ದೊಡ್ಡೋನು. ಟೈಲರಿಂಗ್ ಟೇಪು ತಗೊಂಡು ಹೋದ ತಿಂಗ್ಳು ನಾನೇ ನಿಂತೆ, ಮಗ ಹೇಳ್ಕೊಟ್ಟ. ಮೂರು ಗುಂಡಿನ ಒಲೆ ಗೊತ್ತಲ್ಲ? ಎರಡು ಗುಂಡು ಎರಡು ಸ್ಪೀಕರು, ಮೂರನೇದು ನಮ್ಮ ತಲೆ. ಯಾವ ಎರಡರ ನಡುವೆ ಅಳತೆ ಹಿಡಿದ್ರೂ ಅಷ್ಟೇ ಬರ್ಬೇಕು, ನಮ್ಮ ಹಾಲ್‌ಗೆ ನಾಲ್ಕು ಅಡಿ ಕೂಡ್ತು. ಎರಡರ ಮುಖನೂ ನಮ್ಮ ಕಡೆ ತಿರುಗಿರ್ಬೇಕು. ಅದ್ರಲ್ಲಿರೋ ಚಿಕ್ಕ ಗುಂಡಿ ಥರದ್ದು, ಟ್ವೀಟರ್ ಅಂತಾರೆ, ಕಿವಿ ಮಟ್ಟಕ್ಕೆ ಬರ್ಬೇಕು; ಸ್ಟೂಲ್ ಸಾಲದ್ದಕ್ಕೆ ಹಳೇ ಟೆಲಿಫೋನ್ ಡೈರೆಕ್ಟರಿ ಇಟ್ಟೆ, ಮೇಲೊಂದು ರಬ್ಬರ್ ಹಾಸು. ಹಿಂದಿನ ಗೋಡೆಯಿಂದ ಎರಡು ಅಡಿ ಈಚೆಗೆ, ಎಡಗೋಡೆ ಬಲಗೋಡೆಗೆ ಸಮ. ಕೂರೋ ಕುರ್ಚಿನೂ ನಮ್ಮ ಬೆನ್ನ ಹಿಂದಿನ ಗೋಡೆಗೆ ಆನಿಸ್ಬಾರ್ದು. ಬಾಸ್ ಹೆಚ್ಚು ಮಾಡೋ ಬಟನ್ ಏನಿದ್ರೂ ಆಫ್.

ನನಗೆ ಬಲು ಇಷ್ಟ ಆದದ್ದು ಕನ್ನಡಿ ಉಪಾಯ. ನಾನು ಕುರ್ಚೀಲಿ ಕೂತೆ, ಮಗ ಪಕ್ಕದ ಗೋಡೆ ಉದ್ದಕ್ಕೂ ಕನ್ನಡಿ ಸರಿಸ್ತಾ ಹೋದ. ಎಲ್ಲಿ ಕನ್ನಡೀಲಿ ಸ್ಪೀಕರ್ ಕಾಣ್ತೋ ಅಲ್ಲಿಂದಲೇ ಸದ್ದು ಬಡ್ಕೊಂಡು ನಮ್ಮ ಕಿವಿಗೆ ಬಂದು ಕಲಸಿಹೋಗ್ತೈತೆ. ಅಲ್ಲಿಗೆ ಅಜ್ಜಿ ಹೊಲ್ದ ಕೌದಿ ನೇತಾಕ್ದೆ. ನೆಲಕ್ಕೆ ಜಮಖಾನ. ಟೈಲ್ಸ್ ಹಾಕಿಸ್ಕೊಂಡು ಮೆರೀತೀವಲ್ಲ, ಮಾತು ಮೊಳಗೋದು ಅದ್ರಿಂದಲೇ.

ಆಮೇಲೆ ಹಾಕಿದ್ವಿ. ಎರಡು ಡಬ್ಬದ ನಡುವೆ ಖಾಲಿ ಜಾಗದಲ್ಲಿ ದೊಡ್ಡಮ್ಮ ಕೂತಂಗಾಯ್ತು. ಬಳೆ ಸದ್ದು. ಮುಂದಿನ ಹಲ್ಲಿಲ್ಲದ ಕಡೆ ಗಾಳಿ ಸುಯ್ ಅನ್ನೋದು. ಸಾಲು ಎತ್ತೋಕೆ ಮುಂಚೆ ಎಳ್ಕೊಳ್ಳೋ ಉಸಿರು. ಆರನೇ ಪದದ ಕೊನೇಲಿ ಒಳಗಿಂದ ಯಾರೋ ಕೂಗ್ತಾರೆ: "ಸಾಕು ನಿಲ್ಸಮ್ಮ ಅತ್ಲಾಗೆ, ಊಟ ಆರೋಗ್ತೈತೆ." ನಾನೇ. ಪೆನ್‌ಡ್ರೈವಲ್ಲಿ ಅದು ಕೇಳಿರ್ಲೇ ಇಲ್ಲ. ತೆಗೆದುಬಿಡ್ಲಾ ಅಂದ ಮಗ. ಬ್ಯಾಡ, ಇರ್ಲಿ ಅಂದೆ.

ಹಾಲ್ ಗಲೀಜಾಗ್ತೈತೆ ಅಂತೀರಿ, ಗೊತ್ತು. ಕೇಳೋವಾಗ ಮಾತ್ರ ಈಚೆ ಇಡಿ, ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕ್ಕೊಳ್ಳಿ. ನಾನು ಹಂಗೇ ಮಾಡೋದು. ಹಳೇ ಪೆನ್‌ಡ್ರೈವ್ ವಾಪಸ್ ಕೊಡಿ, ಹನ್ನೊಂದೂ ಹೊಸ್ದಾಗಿ ತುಂಬ್ಸಿ ಕೊಡ್ತಾನೆ.

ಕುಣಿಗಲ್ ತಂಗೀ, ನಿನ್ನ ಸ್ಪೀಕರು ಫ್ರಿಡ್ಜ್ ಮೇಲೈತೆ ಅಂತ ಕೇಳ್ದೆ. ಭಾನುವಾರ ಟೇಪು ತಗೊಂಡು ಬರ್ತೀನಿ ಕಣೇ. ಇಳಿಸಿಟ್ಟಿರು.