ಉಕ್ಕಿನ ಬಾಣಸಿಗರ ಕಾಯಕ

ಈ ಮಾಸದ ವಿಷಯವನ್ನು ಕಂಡು ಕೆಲವು ಓದುಗ ಬಂಧುಗಳಿಗೆ ಆಶ್ಚರ್ಯವಾಗಬಹುದು. ಮಠದ ಅನ್ನವುಂಡು, ಶಾಸ್ತ್ರ-ಸಾಹಿತ್ಯಗಳ ಅಧ್ಯಯನದಲ್ಲಿ ಆಯುಷ್ಯ ಸವೆಸಿದ ನಾವು ಜಪಾನ್ ದೇಶದ ಒಂದು ದೂರದರ್ಶನ ಕಾರ್ಯಕ್ರಮದ ಅಭಿಮಾನಿಗಳೆಂದರೆ ಯಾರು ನಂಬಿಯಾರು? ಅದೂ ಮೀನು-ಮಾಂಸಗಳನ್ನು ಧಾರಾಳವಾಗಿ ಬೇಯಿಸುವ ಅಡುಗೆಯ ಸ್ಪರ್ಧೆ! ಆದರೂ ಇದ್ದುದನ್ನು ಇದ್ದಂತೆ ಹೇಳುವುದೇ ಮೇಲು. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳೊಬ್ಬರ ಮನೆಯಲ್ಲಿ, ಇಂಗ್ಲಿಷ್ ಧ್ವನಿ ಸೇರಿಸಿದ ಅದರ ಕಂತೊಂದನ್ನು ಕುತೂಹಲಕ್ಕೆಂದು ನೋಡಿದೆವು. ಒಂದು ಎರಡಾಯಿತು, ಎರಡು ಇಪ್ಪತ್ತಾಯಿತು. ನೋಡಿದ್ದರಲ್ಲಿ ನಮಗೆ ದಕ್ಕಿದ್ದೇನೆಂಬುದನ್ನು ಇಲ್ಲಿ ನಿವೇದಿಸುತ್ತೇವೆ.

ಕಾರ್ಯಕ್ರಮದ ಜಪಾನಿ ಹೆಸರು ‘ರ್ಯೋರಿ ನೊ ತೆತ್ಸುಜಿನ್’. ಅಡುಗೆಯ ಉಕ್ಕಿನ ಮನುಷ್ಯರು ಎಂದು ಅರ್ಥ. ಹೊರದೇಶಗಳಲ್ಲಿ ಅದು ‘ಐರನ್ ಶೆಫ್’ ಎಂದು ಪ್ರಸಿದ್ಧವಾಯಿತು. ಫ್ಯೂಜಿ ಟೆಲಿವಿಷನ್ ಸಂಸ್ಥೆಯು 1993ರ ಅಕ್ಟೋಬರ್ 10ರಂದು ಇದನ್ನು ಆರಂಭಿಸಿ 1999ರ ಸೆಪ್ಟೆಂಬರ್ 24ರವರೆಗೆ ನಡೆಸಿತು. ಇದಕ್ಕೊಂದು ಕಲ್ಪಿತ ಕಥೆಯ ಚೌಕಟ್ಟಿದೆ. ಹೊಸ ರುಚಿಗಳನ್ನು ಅರಸುವ ಶ್ರೀಮಂತನೊಬ್ಬ ತನ್ನ ಕೋಟೆಯಲ್ಲಿ ‘ಕಿಚನ್ ಸ್ಟೇಡಿಯಂ’ ಎಂಬ ಅಡುಗೆಯ ಅಖಾಡವನ್ನು ಕಟ್ಟಿಸಿದ್ದಾನೆ. ರಂಗಭೂಮಿಯ ಪ್ರಸಿದ್ಧ ನಟ ತಕೇಶಿ ಕಾಗಾ ಆ ಶ್ರೀಮಂತನ ಪಾತ್ರಧಾರಿ. ಜರತಾರಿಯ ಉಡುಗೆ ತೊಟ್ಟು, ಹಳದಿ ದೊಣ್ಣೆಮೆಣಸಿನಕಾಯಿಯೊಂದನ್ನು ಕಚ್ಚಿ ಆತ ನಸುನಗುವ ದೃಶ್ಯದಿಂದ ಕಾರ್ಯಕ್ರಮ ತೆರೆದುಕೊಳ್ಳುತ್ತದೆ. ಹೊರಗಿನಿಂದ ಬಂದ ಬಾಣಸಿಗನೊಬ್ಬ ಕೋಟೆಯ ಉಕ್ಕಿನ ಬಾಣಸಿಗರಲ್ಲಿ ಒಬ್ಬರನ್ನು ಸವಾಲಿಗೆ ಕರೆಯುತ್ತಾನೆ. ಮುಚ್ಚಿಟ್ಟ ಬಟ್ಟೆಯನ್ನು ಸರಿಸಿದಾಗ ಅಂದಿನ ಮುಖ್ಯ ಪದಾರ್ಥ ಯಾವುದೆಂದು ತಿಳಿಯುತ್ತದೆ. ಆ ಒಂದೇ ಪದಾರ್ಥವನ್ನು ಪ್ರಧಾನವಾಗಿಟ್ಟುಕೊಂಡು ಒಂದು ಗಂಟೆಯೊಳಗೆ ಹಲವು ಬಗೆಯ ಅಡುಗೆಗಳು ಸಿದ್ಧವಾಗಬೇಕು. ಇಬ್ಬರಿಗೂ ಇಬ್ಬಿಬ್ಬರು ಸಹಾಯಕರು. ಕೊನೆಗೆ ರುಚಿ ನೋಡುವವರ ತೀರ್ಪು.

ಯುದ್ಧದ ವರದಿಯಂತೆ ಇಡೀ ಗಂಟೆಯ ವೀಕ್ಷಕ ವಿವರಣೆ ನಡೆಯುತ್ತದೆ. ಅಖಾಡದೊಳಗೆ ಓಡಾಡುವ ವರದಿಗಾರ ಓತಾ ಅವರು, ಯಾರೋ ಒಗ್ಗರಣೆಗೆ ಏನೋ ಹಾಕಿದರೆಂದು ತಿಳಿದೊಡನೆ “ಫುಕುಯಿ-ಸಾನ್!” ಎಂದು ಮೇಲೆ ಕುಳಿತ ವಿವರಣೆಕಾರರನ್ನು ಕೂಗುತ್ತಾರೆ. ಪಾಕಶಾಸ್ತ್ರದ ಶಿಕ್ಷಕರಾದ ಯುಕಿಯೊ ಹತ್ತೋರಿ ಅವರು ಪ್ರತಿಯೊಂದು ಕ್ರಿಯೆಯ ಹಿಂದಿನ ಕಾರಣವನ್ನು ಬಿಡಿಸಿ ಹೇಳುತ್ತಾರೆ. ಈರುಳ್ಳಿ ಹೆಚ್ಚುವುದನ್ನು ಇಷ್ಟು ಗಂಭೀರವಾಗಿ ಯಾರಾದರೂ ವರ್ಣಿಸಿದ್ದನ್ನು ನಾವು ಅದಕ್ಕೆ ಮುನ್ನ ಕಂಡಿರಲಿಲ್ಲ. ಮೊದಮೊದಲು ನಕ್ಕೆವು. ಬರಬರುತ್ತ ನಗು ನಿಂತಿತು.

ಉಕ್ಕಿನ ಬಾಣಸಿಗರಲ್ಲಿ ನಮಗೆ ಪ್ರಿಯರಾದವರು ಇಬ್ಬರು. ಮೊದಲನೆಯವರು ಜಪಾನಿ ಅಡುಗೆಯ ರೊಕುಸಬುರೊ ಮಿಚಿಬಾ. 1931ರಲ್ಲಿ ಜನಿಸಿದ ಅವರು ಅಖಾಡಕ್ಕೆ ಇಳಿದಾಗಲೇ ಅರವತ್ತು ದಾಟಿದ್ದರು. ಗಡಿಯಾರ ಓಡುತ್ತಿದ್ದರೂ ಅವರು ಅವಸರಪಡದೆ ಕುಂಚ ಹಿಡಿದು, ಆ ದಿನದ ಅಡುಗೆಗಳ ಪಟ್ಟಿಯನ್ನು ಸುಂದರ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಆಮೇಲೆ ಎಲ್ಲಕ್ಕೂ ಆಧಾರವಾಗುವ ಸಾರನ್ನು ಕಾಯಿಸುತ್ತಿದ್ದರು. ಎದುರಾಳಿ ಓಡುತ್ತಿರುವಾಗ ನಿಂತು ಯೋಚಿಸುವ ಧೈರ್ಯ ಅದು. ಎರಡನೆಯವರು ಚೀನೀ ಅಡುಗೆಯ ಚೆನ್ ಕೆನಿಚಿ. ಅವರ ತಂದೆ ಚೆನ್ ಕೆನ್ಮಿನ್ ಚೀನದ ಸಿಚುವಾನ್ ಪ್ರಾಂತದಿಂದ ಬಂದು, ಅಲ್ಲಿಯ ಖಾರದ ಅಡುಗೆಯನ್ನು ಜಪಾನೀಯರ ನಾಲಿಗೆಗೆ ಒಗ್ಗುವಂತೆ ಮಾರ್ಪಡಿಸಿ ಜನಪ್ರಿಯಗೊಳಿಸಿದವರು. ಮಗ ಆ ವಿದ್ಯೆಯನ್ನು ಪಡೆದು, ಕಾರ್ಯಕ್ರಮದ ಆದಿಯಿಂದ ಅಂತ್ಯದವರೆಗೂ ತಮ್ಮ ಪೀಠದಲ್ಲಿ ಉಳಿದ ಏಕೈಕ ಉಕ್ಕಿನ ಬಾಣಸಿಗರೆನಿಸಿದರು. ಗೆದ್ದರೂ ಸೋತರೂ ಅವರ ಮುಖದಲ್ಲಿ ಹುಡುಗನ ನಗುವಿರುತ್ತಿತ್ತು. 2023ರ ಮಾರ್ಚ್‌ನಲ್ಲಿ ಅವರು ನಿಧನರಾದ ಸುದ್ದಿ ಓದಿದಾಗ ಪರಿಚಿತರೊಬ್ಬರನ್ನು ಕಳೆದುಕೊಂಡಂತೆಯೇ ನಮಗೆ ವ್ಯಥೆಯಾಯಿತು.

ಈಗ ಆಕ್ಷೇಪಣೆಗೆ ಬರೋಣ. ಜೀವಂತ ಮೀನನ್ನು, ಏಡಿಯನ್ನು ಕತ್ತಿಗೆ ಒಡ್ಡುವ ದೃಶ್ಯಗಳನ್ನು ಲಿಂಗಧಾರಿಯಾದವನು ನೋಡಬಹುದೇ ಎಂದು ಹಿರಿಯರೊಬ್ಬರು ನಮ್ಮನ್ನು ನೇರವಾಗಿ ಕೇಳಿದರು. ಅಂಥ ಕಡೆ ನಾವು ಮುಖ ತಿರುಗಿಸುತ್ತೇವೆ, ಸಮರ್ಥಿಸುವುದಿಲ್ಲ. ದುಂದುವೆಚ್ಚದ ಮಾತೂ ನಿಜವೇ. ಕಾರ್ಯಕ್ರಮ ಮುಗಿಯುವಾಗ ಅವರೇ ಒಪ್ಪಿಸಿದ ಲೆಕ್ಕದಂತೆ, ಅಷ್ಟೂ ವರ್ಷಗಳ ಪದಾರ್ಥಗಳ ವೆಚ್ಚ 84 ಕೋಟಿ ಯೆನ್ ಮೀರಿತ್ತು. ಗಂಡ ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪರಂಪರೆಯವರಿಗೆ ಈ ವೈಭವ ಒಪ್ಪಿಗೆಯಾಗದು. ಆದರೆ ಬದನೆ, ಆಲೂಗಡ್ಡೆ, ಸೋಯಾ ಹಾಲನ್ನು ಒಡೆಸಿ ಮಾಡುವ ತೋಫು ಇವೂ ಅದೇ ಅಖಾಡದಲ್ಲಿ ಅದೇ ಗೌರವ ಪಡೆದವು. ಬಡವರ ಮನೆಯ ಪದಾರ್ಥದಲ್ಲಿ ಇಷ್ಟೆಲ್ಲ ಅಡಗಿತ್ತೇ ಎಂದು ನಾವು ಬೆರಗಾದದ್ದು ಆ ಕಂತುಗಳಲ್ಲಿಯೇ.

ಇವೆಲ್ಲಕ್ಕಿಂತ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಒಂದು ಘಟನೆ. 2000ದಲ್ಲಿ ನ್ಯೂಯಾರ್ಕಿನಲ್ಲಿ ವಿಶೇಷ ಸ್ಪರ್ಧೆಯೊಂದು ಏರ್ಪಟ್ಟಿತು. ಉಕ್ಕಿನ ಬಾಣಸಿಗ ಮಸಹರು ಮೊರಿಮೊಟೊ ಅವರ ಎದುರು ಅಮೆರಿಕದ ಬಾಬಿ ಫ್ಲೇ. ಫ್ಲೇ ಅವರ ಬೆರಳು ಕೊಯ್ದಿತು. ಒದ್ದೆ ನೆಲದಲ್ಲಿ ವಿದ್ಯುತ್ ತಗುಲಿತು. ಆದರೂ ಹಿಡಿದ ಕೆಲಸ ಬಿಡಲಿಲ್ಲ. ಸಮಯ ಮುಗಿದಾಗ ಆ ಉತ್ಸಾಹದಲ್ಲಿ, ತರಕಾರಿ ಕತ್ತರಿಸುವ ಮಣೆಯ ಮೇಲೆಯೇ ಹತ್ತಿ ನಿಂತು ಜನರತ್ತ ಕೈಯೆತ್ತಿದರು. ಮೊರಿಮೊಟೊ ಅವರ ಮುಖ ಗಂಭೀರವಾಯಿತು. ಮಣೆ ಮತ್ತು ಕತ್ತಿ ತಮಗೆ ಪವಿತ್ರ, ಅದನ್ನು ತುಳಿದವರನ್ನು ಬಾಣಸಿಗರೆಂದು ಒಪ್ಪಲಾರೆ ಎಂಬ ಅರ್ಥದ ಮಾತನ್ನು ಅವರು ಆಡಿದರು. ತೀರ್ಪಿನಲ್ಲಿ ಗೆದ್ದವರೂ ಅವರೇ. 2001ರಲ್ಲಿ ಇಬ್ಬರೂ ಮತ್ತೆ ಎದುರಾದರು. ಈ ಸಲ ಗೆಲುವು ಫ್ಲೇ ಅವರದಾಯಿತು. ಕೊನೆಯಲ್ಲಿ ಅವರು ಮಣೆಯನ್ನು ಎತ್ತಿ ಆಚೆಗೆಸೆದು ಕಟ್ಟೆಯ ಮೇಲೆ ನಿಂತರು. ಹಿಂದಿನ ಮಾತು ನೆನಪಿತ್ತು, ಆದರೆ ಅದರ ಮರ್ಮ ಮುಟ್ಟಿರಲಿಲ್ಲವೆಂದು ನಮಗೆ ತೋರಿತು.

ಈಳಿಗೆಮಣೆಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ತಾಯಂದಿರ ಕೈಯಲ್ಲಿ ಬೆಳೆದ ನಮಗೆ ಮೊರಿಮೊಟೊ ಅವರ ಕೋಪ ಅರ್ಥವಾಯಿತು. ಅವರ ಅಡುಗೆಯನ್ನು ನಾವು ಉಣ್ಣಲಾರೆವು. ಅವರ ಭಾಷೆ ನಮಗೆ ಬಾರದು. ಆದರೆ ಉಪಕರಣಕ್ಕೆ ಸಲ್ಲಿಸುವ ಗೌರವವೇ ದುಡಿಮೆಗೆ ಸಲ್ಲಿಸುವ ಗೌರವ ಎಂಬ ತಿಳಿವಳಿಕೆಗೆ ಕನ್ನಡವೂ ಒಂದೇ, ಜಪಾನಿಯೂ ಒಂದೇ. ಕಾಯಕವೆಂಬ ಶಬ್ದ ನಮ್ಮದು. ಕಾಯಕದ ನಿಷ್ಠೆ ನಮ್ಮೊಬ್ಬರದೇ ಆಸ್ತಿಯಲ್ಲ.

ಇನ್ನೊಂದು ಸಂಗತಿಯೂ ಉಂಟು. 1999ರ ಮುಕ್ತಾಯದ ಮಹಾಸ್ಪರ್ಧೆಯಲ್ಲಿ ಉಕ್ಕಿನ ಬಾಣಸಿಗ ಹಿರೊಯುಕಿ ಸಕಾಯಿ ಅವರು ಪ್ಯಾರಿಸ್ಸಿನ ಅಲೆನ್ ಪಸ್ಸಾರ್ ಅವರನ್ನು ಎದುರಿಸಿದರು. ಅಂದಿನ ಪದಾರ್ಥ ಕೋಳಿ. ಪಸ್ಸಾರ್ ಸೋತರು. ಅದೇ ಪಸ್ಸಾರ್ 2001ರಲ್ಲಿ ತಮ್ಮ ಪ್ರಸಿದ್ಧ ಭೋಜನಶಾಲೆಯಲ್ಲಿ ಕೆಂಪು ಮಾಂಸವನ್ನು ಕೈಬಿಟ್ಟು ತರಕಾರಿಗಳನ್ನೇ ಪ್ರಧಾನವಾಗಿಸಿದರು. ಮುಂದೆ ತಮ್ಮದೇ ತೋಟಗಳಲ್ಲಿ ಅವನ್ನು ಬೆಳೆಸಿದರು. ಮಾಂಸವಿಲ್ಲದೆ ಕೀರ್ತಿ ಉಳಿಯದೆಂದು ಹಲವರು ಭಾವಿಸಿದ್ದರೂ ಮೂರು ನಕ್ಷತ್ರಗಳ ಅತ್ಯುನ್ನತ ಮನ್ನಣೆ ಅವರಲ್ಲೇ ಉಳಿಯಿತು. ಸ್ಪರ್ಧೆಗೂ ಆ ನಿರ್ಧಾರಕ್ಕೂ ಸಂಬಂಧವಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಕೋಳಿಯೊಡನೆ ಸೋತವರು ಬೀಟ್‌ರೂಟಿನೊಡನೆ ಗೆದ್ದುದನ್ನು ನೆನೆದಾಗ ನಮಗೆ ಸಂತೋಷವಾಗದೆ ಇರದು.

ಬರೆದು ಮುಗಿಸುವಾಗ ಒಂದು ಅಳುಕು ನಮ್ಮನ್ನು ಬಾಧಿಸುತ್ತಿದೆ. ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ನೂರಾರು ವಿದ್ಯಾರ್ಥಿಗಳಿಗೆ ಎರಡು ಹೊತ್ತು ಬೇಯಿಸಿ ಬಡಿಸುತ್ತಿದ್ದ ವೃದ್ಧರೊಬ್ಬರಿದ್ದರು. ಬೆಳಗಿನ ಜಾವ ನಾವು ಪಾಠ ಒಪ್ಪಿಸಲು ಏಳುವ ಮೊದಲೇ ಅವರ ಒಲೆ ಹೊತ್ತಿರುತ್ತಿತ್ತು. ಜಪಾನಿನ ಬಾಣಸಿಗ ಎಷ್ಟನೆಯ ನಿಮಿಷದಲ್ಲಿ ಸಾರಿಗೆ ಉಪ್ಪು ಹಾಕಿದನೆಂದು ಬಲ್ಲ ನಮಗೆ ಆ ಹಿರಿಯರ ಹೆಸರು ತಿಳಿಯದು. ಎಲ್ಲರೂ ‘ಅಜ್ಜಾರೆ’ ಎನ್ನುತ್ತಿದ್ದೆವು. ಏಳು ವರ್ಷ ಅವರ ಕೈಯನ್ನ ಉಂಡು ಒಮ್ಮೆಯೂ ಹೆಸರು ಕೇಳಲಿಲ್ಲ. ದಾಸೋಹದ ಮಹಿಮೆಯನ್ನು ಕುರಿತು ಎಷ್ಟೋ ಉಪನ್ಯಾಸಗಳನ್ನು ಕೊಟ್ಟಿದ್ದೇವೆ. ದಾಸೋಹದ ಒಲೆಯ ಮುಂದೆ ನಿಂತವರನ್ನು ಮಾತನಾಡಿಸಲಿಲ್ಲ.

ಇಂದು ರಾತ್ರಿ ಊಟಕ್ಕೆ ಕುಳಿತಾಗ ಓದುಗ ಬಂಧುಗಳು ತಟ್ಟೆಯಿಂದ ಒಮ್ಮೆ ಕಣ್ಣೆತ್ತಿ, ಬಡಿಸುತ್ತಿರುವವರ ಮುಖ ನೋಡಬೇಕೆಂದು ವಿನಂತಿ. ಎಷ್ಟು ಹೊತ್ತಿಗೆ ಒಲೆ ಹಚ್ಚಿದಿರಿ, ಇದಕ್ಕೆ ಏನು ಹಾಕಿದಿರಿ ಎಂದು ಕೇಳಿರಿ. ನಮಗೆ ತಪ್ಪಿಹೋದ ಮಾತು ನಿಮಗಾದರೂ ತಪ್ಪದಿರಲಿ.