ಮಾತಿಗೆ ಬೀಗ, ಕೀಲಿಕೈ ಯಾರಲ್ಲಿ?

2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟು ಎಕ್ಸ್ ಕಂಪನಿಯ ಅರ್ಜಿಯನ್ನು ವಜಾ ಮಾಡಿತು. ಕೇಂದ್ರ ಗೃಹ ಖಾತೆಯ ‘ಸಹಯೋಗ್’ ಪೋರ್ಟಲಿನ ಮೂಲಕ ಅಧಿಕಾರಿಗಳು ಅಂತರ್ಜಾಲದ ಬರಹಗಳನ್ನು ತೆಗೆಸುವುದನ್ನು ಕಂಪನಿ ಪ್ರಶ್ನಿಸಿತ್ತು.

ಅಮೆರಿಕದ ಧನಿಕನ ಕಂಪನಿಗಾಗಿ ನಾವು ಕಣ್ಣೀರು ಹಾಕುವುದಿಲ್ಲ. ಲಾಭವೇ ಅದರ ಧರ್ಮ. ಬೇಡವಾದ ಬರಹವನ್ನು ಅದೂ ಅಡಗಿಸಬಲ್ಲದು. ಆದರೆ ಅಧಿಕಾರಿಯ ಕೈಗೆ ಕತ್ತರಿ ಕೊಡುವುದು ಇದಕ್ಕೆ ಮದ್ದಲ್ಲ. ವಾಡಿಯ ಸಿಮೆಂಟು ಕಾರ್ಮಿಕ ಕೂಲಿ ಬಾಕಿಯ ಬಗ್ಗೆ, ಸೇಡಂನ ವ್ಯಾಪಾರಿ ತೊಗರಿ ದರದ ಬಗ್ಗೆ ಫೋನಿನಲ್ಲಿ ನಾಲ್ಕು ಸಾಲು ಬರೆದರೆನ್ನಿ. ಆ ಸಾಲು ಮಾಯವಾದರೆ ಯಾರನ್ನು ಕೇಳಬೇಕು? ಸೂಚನೆ ಹೋಗುವುದು ಕಂಪನಿಗೆ. ಬರೆದವನಿಗೆ ನೋಟೀಸು ಕೊಡಲೇಬೇಕೆಂಬ ಕಟ್ಟಳೆಯಿಲ್ಲ.

2015ರಲ್ಲಿ ಸುಪ್ರೀಂ ಕೋರ್ಟು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ರದ್ದು ಮಾಡಿತು. ಅಂತರ್ಜಾಲದಲ್ಲಿ ಮಾತಾಡುವ, ವ್ಯಾಪಾರ ಮಾಡುವ ಹಕ್ಕಿಗೆ ಸಂವಿಧಾನದ ರಕ್ಷಣೆಯುಂಟೆಂದು 2020ರಲ್ಲಿ ಹೇಳಿತು. ಹೀಗೆ ಗಳಿಸಿದ್ದನ್ನು ಹಿಂಬಾಗಿಲಿನಿಂದ ಕಳೆದುಕೊಳ್ಳಬೇಕೆ?

ಸುಳ್ಳು, ದ್ವೇಷ ಹರಡುವವರಿಗೆ ಶಿಕ್ಷೆಯಾಗಲಿ, ತೀರ್ಮಾನ ನ್ಯಾಯಾಧೀಶರದಾಗಲಿ. ಬರೆದವನಿಗೆ ನೋಟೀಸು, ಕಾರಣ, ಉತ್ತರಿಸುವ ಅವಕಾಶ, ಮೇಲ್ಮನವಿ: ಇಷ್ಟೇ ನಮ್ಮ ಬೇಡಿಕೆ.

ವಿಚಾರಣೆಯಿಲ್ಲದೆ ಕಾರ್ಮಿಕನನ್ನು ಕೆಲಸದಿಂದ ತೆಗೆದರೆ ಶಹಾಬಾದ್, ಚಿತ್ತಾಪುರ, ಚಿಂಚೋಳಿಯ ಬಂಧುಗಳು ಸುಮ್ಮನಿರುತ್ತಾರೆಯೆ? ವಿಚಾರಣೆಯಿಲ್ಲದೆ ಅವನ ಮಾತನ್ನು ತೆಗೆದರೂ ಸುಮ್ಮನಿರಬಾರದು. ಅಂತರ್ಜಾಲದ ಕೀಲಿಕೈ ಧಣಿಯದೂ ಅಲ್ಲ, ಅಧಿಕಾರಿಯದೂ ಅಲ್ಲ.